ಕಾಣದ ದುಡ್ಡಿಗೆ ತೆರಿಗೆ

"ಸರ್, ನಾ ಕಣ್ಣಿಲೆ ನೋಡದ ರೊಕ್ಕಕ್ಕ ನಾ ಯಾಕ್ರಿ ಟ್ಯಾಕ್ಸ್ ಕಟ್ಟಬೇಕು?"

ಕೆಲವು ವರ್ಷಗಳ ಹಿಂದೆ, ಒಂದು ಫೆಬ್ರವರಿ ಮಧ್ಯಾಹ್ನ, ನಮ್ಮ ಗಿಂಡಿ ಶಾಖೆಯ ಊಟದ ಕೋಣೆಯಲ್ಲಿ ಈ ಪ್ರಶ್ನೆ ಬಂತು. ಕೇಳಿದವನು ಗದಗದ ಕಡೆಯವನು. ಹುಡುಗ ಅಂತ ನಾನು ಕರೆಯುತ್ತೇನೆ, ಆದರೆ ಅವನಿಗೂ ನಲವತ್ತರ ಹತ್ತಿರ, ಇಬ್ಬರು ಹೆಣ್ಣುಮಕ್ಕಳ ಅಪ್ಪ. 2012ರಲ್ಲಿ ಬ್ಯಾಂಕಿಗೆ ಸೇರಿದ್ದು. ಮದ್ರಾಸಿಗೆ ವರ್ಗವಾಗಿ ಬಂದ ಮೊದಲ ದಿನ ನನ್ನ ಬಾಯಲ್ಲಿ ಕನ್ನಡ ಕೇಳಿ ಅವನ ಮುಖ ಅರಳಿದ್ದು ನನಗೆ ಇನ್ನೂ ನೆನಪಿದೆ. ಅಂದಿನಿಂದ ಸಾಂಬಾರಿನ ರುಚಿಯಿಂದ ಹಿಡಿದು ಶಾಲೆಯ ಅಡ್ಮಿಷನ್ನಿನವರೆಗೆ ಎಲ್ಲಕ್ಕೂ ನಾನೇ ಅವನ ಸಲಹೆಗಾರ.

ನಾನು ಅರಸೀಕೆರೆ ಕಡೆಯವನು. ಬಿಕಾಂ ಮುಗಿಸಿ ಬ್ಯಾಂಕಿನ ಪರೀಕ್ಷೆ ಬರೆದು ಬಂದು ಬಿದ್ದದ್ದು ಈ ಊರಿಗೆ. ನಡುವೆ ಎರಡು ಮೂರು ಕಡೆ ವರ್ಗವಾದರೂ ತಿರುಗಿ ಇಲ್ಲಿಗೇ ಬಂದೆ. ಬದುಕಿನ ಅರ್ಧಕ್ಕಿಂತ ಹೆಚ್ಚು ಇಲ್ಲೇ ಕಳೆದಿದೆ. ಈಗಲೂ ಬಾಯಲ್ಲಿ ಚೆನ್ನೈ ಅಂತ ಬರೋದಿಲ್ಲ, ಮದ್ರಾಸೇ. ಇರಲಿ ಬಿಡಿ, ಹೇಳಹೊರಟಿದ್ದು ಅದಲ್ಲ.

ಫೆಬ್ರವರಿ ಅಂದರೆ ಸಂಬಳದವರಿಗೆಲ್ಲ ತೆರಿಗೆಯ ತಿಂಗಳು. ಎಲ್ಲಿಐಸಿ ರಸೀದಿ, ಮಕ್ಕಳ ಶಾಲಾ ಫೀ ರಸೀದಿ ಹುಡುಕುವ ತಿಂಗಳು. ಆ ತಿಂಗಳಲ್ಲಿ ನನಗೆ ಸ್ವಲ್ಪ ಗತ್ತು ಬರುತ್ತದೆ. ಶಾಖೆಯವರು ಮಾತ್ರವಲ್ಲ, ಟಿ ನಗರದ ಕರ್ನಾಟಕ ಸಂಘದಲ್ಲಿ ಪರಿಚಯವಾದವರು, ನನ್ನ ಹೆಂಡತಿಯ ಸ್ನೇಹಿತೆಯರ ಗಂಡಂದಿರು, ಎಲ್ಲರೂ ಫೋನ್ ಮಾಡುತ್ತಾರೆ. "ಸ್ವಲ್ಪ ನಮ್ಮ ಲೆಕ್ಕ ನೋಡಿಬಿಡಿ ಸಾರ್." ನಾನೂ ನೋಡಿಬಿಡುತ್ತೇನೆ. ದುಡ್ಡೇನೂ ತಗೊಳ್ಳೋದಿಲ್ಲ, ಒಂದು ಕಾಫಿ ಸಾಕು. ನಿಜ ಹೇಳಬೇಕೆಂದರೆ ಆ ಗತ್ತೇ ನನ್ನ ಫೀಸು.

ಗದಗದವನ ಪ್ರಶ್ನೆಗೆ ಬರೋಣ. ಅವನು ಹೇಳಿದ್ದು ನೂರಕ್ಕೆ ನೂರು ನಿಜ. ಅದನ್ನು ಅರ್ಥ ಮಾಡಿಕೊಳ್ಳಬೇಕಾದರೆ ಬ್ಯಾಂಕಿನವರ ನಿವೃತ್ತಿಯ ಲೆಕ್ಕ ಸ್ವಲ್ಪ ಗೊತ್ತಿರಬೇಕು.

ನಮ್ಮಲ್ಲಿ ಎರಡು ಜಾತಿ. 2010ರ ಏಪ್ರಿಲ್ 1ಕ್ಕಿಂತ ಮೊದಲು ಸೇರಿದವರು ಒಂದು, ಆಮೇಲೆ ಸೇರಿದವರು ಇನ್ನೊಂದು. ನಾನು ಮೊದಲನೆಯ ಜಾತಿ. 1995ರ ಪಿಂಚಣಿ ನಿಯಮದಲ್ಲಿ ಬರುವವನು. ನನ್ನ ಪಿಎಫ್‌ಗೆ ನನ್ನ ಸಂಬಳದಿಂದ ಶೇಕಡಾ 10 ಹೋಗುತ್ತದೆ. ಬ್ಯಾಂಕು ತನ್ನ ಪಾಲನ್ನು ಪಿಎಫ್‌ಗೆ ಹಾಕುವುದಿಲ್ಲ, ಅದರ ಬದಲು ನಿವೃತ್ತಿಯಾದ ಮೇಲೆ ಪಿಂಚಣಿ ಕೊಡುತ್ತದೆ. ಗದಗದವನು ಎರಡನೆಯ ಜಾತಿ. ಅವನಿಗೆ ಎನ್‌ಪಿಎಸ್. ಅವನ ಮೂಲ ವೇತನ ಮತ್ತು ತುಟ್ಟಿಭತ್ಯೆಯ ಶೇಕಡಾ 10 ಅವನದು, ಅಷ್ಟೇ ಬ್ಯಾಂಕಿನದು. ಎರಡೂ ಸೇರಿ ಮಾರುಕಟ್ಟೆಗೆ ಹೋಗುತ್ತದೆ. ಅರವತ್ತಕ್ಕೆ ಎಷ್ಟಾಗಿರುತ್ತದೋ ಅಷ್ಟು.

2020ರ ನವೆಂಬರಿನಲ್ಲಿ ಬ್ಯಾಂಕ್ ನೌಕರರ ಹನ್ನೊಂದನೇ ದ್ವಿಪಕ್ಷೀಯ ಒಪ್ಪಂದಕ್ಕೆ ಸಹಿ ಬಿತ್ತು. ಅಧಿಕಾರಿಗಳಿಗೆ ಅದರ ಜೊತೆಯ ಜಂಟಿ ಟಿಪ್ಪಣಿ. ಅದರಲ್ಲಿ ಎನ್‌ಪಿಎಸ್‌ನವರಿಗೆ ಬ್ಯಾಂಕಿನ ಪಾಲನ್ನು 10ರಿಂದ 14ಕ್ಕೆ ಏರಿಸಲು ಒಪ್ಪಿದರು. ಎಲ್ಲರೂ ಖುಷಿಪಟ್ಟರು. ಕೇಂದ್ರ ಸರ್ಕಾರಿ ನೌಕರರಿಗೆ 2019ರಿಂದಲೇ 14 ಇತ್ತು, ಈಗ ನಮ್ಮವರಿಗೂ ಬಂತಲ್ಲ ಅಂತ.

ಆದರೆ ಆದಾಯ ತೆರಿಗೆ ಕಾಯ್ದೆಯ 80ಸಿಸಿಡಿ(2) ಅನ್ನುವ ಸೆಕ್ಷನ್ ಅಲ್ಲಿ ಕೂತಿತ್ತು. ಉದ್ಯೋಗ ಕೊಟ್ಟವನು ಎನ್‌ಪಿಎಸ್‌ಗೆ ಹಾಕುವ ದುಡ್ಡನ್ನು ಮೊದಲು ನೌಕರನ ಸಂಬಳಕ್ಕೆ ಸೇರಿಸುತ್ತಾರೆ, ಆಮೇಲೆ ಈ ಸೆಕ್ಷನ್ನಿನಲ್ಲಿ ಕಳೆಯುತ್ತಾರೆ. ಕಳೆಯುವುದಕ್ಕೆ ಒಂದು ಮಿತಿ ಇದೆ. ಕೇಂದ್ರ ಸರ್ಕಾರಿ ನೌಕರನಿಗೆ 14. ರಾಜ್ಯ ಸರ್ಕಾರದವರಿಗೆ 2022ರ ಬಜೆಟ್ಟಿನಲ್ಲಿ, 2020ರಿಂದಲೇ ಅನ್ವಯವಾಗುವಂತೆ, ಅದನ್ನೇ ಕೊಟ್ಟರು. ಬಾಕಿ ಎಲ್ಲರಿಗೂ 10.

ಈಗ ಹೇಳಿ, ಸರ್ಕಾರಿ ಬ್ಯಾಂಕಿನವರು ಸರ್ಕಾರಿ ನೌಕರರೋ ಅಲ್ಲವೋ? ಮುಷ್ಕರ ಮಾಡಿದಾಗ ಬೈಯುವವರಿಗೆ ನಾವು ಸರ್ಕಾರಿ ನೌಕರರು. ಚುನಾವಣೆ ಕೆಲಸಕ್ಕೆ ಕರೆಯುವಾಗಲೂ ಹಾಗೇ. ಈ ಸೆಕ್ಷನ್ನಿಗೆ ಮಾತ್ರ ನಾವು "ಬಾಕಿ ಎಲ್ಲರು". ಹಾಗಾಗಿ ಬ್ಯಾಂಕು ಕೊಟ್ಟ 14ರಲ್ಲಿ 10 ಕಳೆದು, ಉಳಿದ 4ಕ್ಕೆ ತೆರಿಗೆ.

ಒಂದು ಉದಾಹರಣೆ ಹೇಳುತ್ತೇನೆ. ವರ್ಷಕ್ಕೆ ಮೂಲ ವೇತನ, ತುಟ್ಟಿಭತ್ಯೆ ಸೇರಿ 12 ಲಕ್ಷ ಅಂತ ಇಟ್ಟುಕೊಳ್ಳಿ. 14 ಅಂದರೆ 1,68,000 ರೂಪಾಯಿ. 10 ಅಂದರೆ 1,20,000. ನಡುವಿನ 48,000ಕ್ಕೆ ಮೂವತ್ತರ ದರದಲ್ಲಿ, ಸೆಸ್ ಸೇರಿ 14,976 ರೂಪಾಯಿ ತೆರಿಗೆ. ಆ 48,000 ಅವನ ಕೈಗೆ ಬಂದಿಲ್ಲ. ಅರವತ್ತು ವರ್ಷದ ತನಕ ಬರುವುದೂ ಇಲ್ಲ. ತೆರಿಗೆ ಮಾತ್ರ ಈ ತಿಂಗಳ ಸಂಬಳದಿಂದಲೇ ಹೋಗಬೇಕು. "ಕಣ್ಣಿಲೆ ನೋಡದ ರೊಕ್ಕ" ಅಂತ ಅವನು ಅಂದದ್ದು ಇದಕ್ಕೇ.

ನಾನು ಇದನ್ನೆಲ್ಲ ಟಿಫಿನ್ ಡಬ್ಬಿಯ ಮುಚ್ಚಳದ ಪಕ್ಕ ಒಂದು ಹಳೇ ಚಲನ್ ಹಿಂದೆ ಬರೆದು ತೋರಿಸಿದೆ. ಅವನು ಕೇಳಿ, "ಆತ್ ಬಿಡ್ರಿ ಸರ್, ನೀವು ಹೇಳಿದ್ಮ್ಯಾಲೆ ಮುಗೀತು" ಅಂದ.

ಆ ಒಂದು ಮಾತೇ ನನ್ನ ತಲೆಗೇರಿದ್ದು ಅಂತ ಈಗ ಅನ್ನಿಸುತ್ತದೆ.

ನನ್ನ ಮಟ್ಟಿಗೆ ತೆರಿಗೆ ಉಳಿಸುವುದು ಅಂದರೆ 80ಸಿ. ಅದು ಬರೀ ಸೆಕ್ಷನ್ನಲ್ಲ, ಒಂದು ಜೀವನ ಪದ್ಧತಿ. ನಮ್ಮ ತಂದೆ ಪ್ರಾಥಮಿಕ ಶಾಲೆಯ ಮೇಷ್ಟ್ರು. ಅವರ ಜಿಪಿಎಫ್ ದುಡ್ಡಿನಲ್ಲೇ ನಮ್ಮ ಮನೆಗೆ ಹೆಂಚು ಹೋಗಿ ಆರ್‌ಸಿಸಿ ಬಂತು, ಅಕ್ಕನ ಮದುವೆಯಾಯಿತು. ನನಗೆ ಕೆಲಸ ಸಿಕ್ಕಾಗ ಅವರು ಹೇಳಿದ್ದು ಒಂದೇ: "ಕೈಗೆ ಬರೋದಕ್ಕೆ ಮುಂಚೆ ಹಿಡಿದುಕೊಳ್ಳೋ ಹಾಗೆ ಮಾಡ್ಕೋ. ಕೈಗೆ ಬಂದದ್ದು ನಿಲ್ಲಲ್ಲ." ಅವರ ಜೊತೆ ಪಾಠ ಮಾಡುತ್ತಿದ್ದ ಇನ್ನೊಬ್ಬ ಮೇಷ್ಟ್ರು ಎಲ್ಲಿಐಸಿ ಏಜೆಂಟರು. ನನ್ನ ಮೊದಲ ಪಾಲಿಸಿ ಅವರದೇ. ಅಪ್ಪ ಪಕ್ಕದಲ್ಲಿ ನಿಂತು ಸಹಿ ಹಾಕಿಸಿದರು.

ಆಗ ಇದ್ದದ್ದು ಸೆಕ್ಷನ್ 88. ಪಿಎಫ್‌ಗೆ, ಎಲ್ಲಿಐಸಿಗೆ ಹಾಕಿದ ದುಡ್ಡಿನಲ್ಲಿ ಇಷ್ಟು ಪರ್ಸೆಂಟ್ ಅಂತ ತೆರಿಗೆಯಲ್ಲೇ ಕಡಿಮೆ ಮಾಡುತ್ತಿದ್ದರು. 2005ರಲ್ಲಿ ಚಿದಂಬರಂ ಬಜೆಟ್ಟಿನಲ್ಲಿ ಅದನ್ನು ತೆಗೆದು 80ಸಿ ತಂದರು, 1 ಲಕ್ಷದ ಮಿತಿ. ಆದಾಯದಲ್ಲೇ ಅಷ್ಟು ಕಳೆದುಬಿಡುವುದು. 2014ರ ಜುಲೈನಲ್ಲಿ ಅರುಣ್ ಜೇಟ್ಲಿ ಅದನ್ನು 1.5 ಲಕ್ಷ ಮಾಡಿದರು. ಅಲ್ಲಿಂದ ಈಚೆಗೆ ಸಂಬಳ ಏರಿತು, ಕಾಫಿಯ ಬೆಲೆ ಏರಿತು, ಶಾಲೆಯ ಫೀ ಎಲ್ಲಿಗೋ ಹೋಯಿತು, ಆ ಒಂದೂವರೆ ಲಕ್ಷ ಮಾತ್ರ ನಮ್ಮೂರಿನ ವೀರಗಲ್ಲಿನ ಹಾಗೆ ನೆಟ್ಟಲ್ಲೇ ನಿಂತಿದೆ. ನನ್ನ ಪಿಎಫ್ ಒಂದರಿಂದಲೇ ಅದು ತುಂಬಿ ಹೊರಗೆ ಚೆಲ್ಲುತ್ತದೆ.

ಆದರೂ ನಾನು ಪಿಎಫ್‌ಗೆ ಮೇಲೆ ಸ್ವಲ್ಪ ಹಾಕುತ್ತಲೇ ಬಂದೆ. ವಿಪಿಎಫ್ ಅನ್ನುತ್ತಾರಲ್ಲ, ಅದು. 2015ರ ಡಿಸೆಂಬರಿನಲ್ಲಿ ಅಡ್ಯಾರ್ ನದಿ ಉಕ್ಕಿ ಈ ಕಡೆಯೆಲ್ಲ ಮುಳುಗಿದಾಗ ನಾವು ಕೆಳಮಹಡಿಯಲ್ಲಿದ್ದೆವು. ಫ್ರಿಜ್ಜು, ಮಂಚ, ಅಕ್ಕಿ ಮೂಟೆ, ನನ್ನ ಸ್ಕೂಟರು ಎಲ್ಲ ಹೋಯಿತು. ಮತ್ತೆ ಮನೆ ಎತ್ತಿ ನಿಲ್ಲಿಸಿದ್ದು ಪಿಎಫ್‌ನಿಂದ ತೆಗೆದ ದುಡ್ಡಿನಲ್ಲೇ. ಅಂದು ಅಪ್ಪನ ಮಾತು ನೆನಪಾಗಿ ಕಣ್ಣಲ್ಲಿ ನೀರು ಬಂತು. ಹೀಗಿರುವಾಗ 80ಸಿ ಬೇಡ ಅನ್ನುವವನು ನನ್ನ ಕಣ್ಣಿಗೆ ಹೇಗೆ ಕಾಣಿಸಬೇಕು?

ಈ ಉಳಿತಾಯಕ್ಕೂ ಮಿತಿ ಬಂತು ಅನ್ನುವುದು ನಿಮಗೆ ಗೊತ್ತಿರಬಹುದು. 2020ರ ಬಜೆಟ್ಟಿನಲ್ಲಿ, ಉದ್ಯೋಗ ಕೊಟ್ಟವರು ಪಿಎಫ್, ಎನ್‌ಪಿಎಸ್, ಸೂಪರ್‌ಆ್ಯನ್ಯುಯೇಷನ್ ಮೂರಕ್ಕೂ ಸೇರಿಸಿ ಒಬ್ಬ ನೌಕರನಿಗೆ ವರ್ಷಕ್ಕೆ ಏಳೂವರೆ ಲಕ್ಷಕ್ಕಿಂತ ಹೆಚ್ಚು ಹಾಕಿದರೆ, ಹೆಚ್ಚಿನದಕ್ಕೆ ತೆರಿಗೆ ಅಂದರು. 2021ರಲ್ಲಿ ಇನ್ನೊಂದು. ನೌಕರ ತಾನೇ ವರ್ಷಕ್ಕೆ ಎರಡೂವರೆ ಲಕ್ಷಕ್ಕಿಂತ ಹೆಚ್ಚು ಪಿಎಫ್‌ಗೆ ಹಾಕಿದರೆ, ಆ ಹೆಚ್ಚಿನ ಭಾಗದ ಬಡ್ಡಿಗೆ ತೆರಿಗೆ. ಉದ್ಯೋಗದಾತರ ಪಾಲೇ ಇಲ್ಲದ ನಿಧಿಯಾದರೆ ಮಿತಿ ಐದು ಲಕ್ಷ. 2021ರ ಏಪ್ರಿಲ್ 1ರಿಂದ ಜಾರಿ. ಪಿಎಫ್‌ ಖಾತೆಯೊಳಗೇ ತೆರಿಗೆ ಇಲ್ಲದ್ದು ಒಂದು, ತೆರಿಗೆ ಇರುವುದು ಒಂದು ಅಂತ ಎರಡು ಲೆಕ್ಕ ಇಡಬೇಕಾಯಿತು. ಒಂದೇ ಮನೆಯಲ್ಲಿ ಎರಡು ಒಲೆ ಹೂಡಿದ ಹಾಗೆ.

ನಿರ್ಮಲಾ ಸೀತಾರಾಮನ್ ಹುಟ್ಟಿದ್ದು ಮದುರೈಯಲ್ಲಿ, ರಾಜ್ಯಸಭೆಗೆ ಹೋದದ್ದು ನಮ್ಮ ಕರ್ನಾಟಕದಿಂದ. ಹಾಗಾಗಿ ನಮ್ಮಂಥ ಮದ್ರಾಸಿನ ಕನ್ನಡಿಗರು ಆಕೆಯನ್ನು ಎರಡೂ ಕಡೆಯಿಂದ ಬೈಯಬಹುದು ಅಂತ ನಾವು ತಮಾಷೆ ಮಾಡುತ್ತಿದ್ದೆವು. ಆದರೆ ಕೂತು ಯೋಚಿಸಿದರೆ ಬೈಯುವುದಕ್ಕೆ ಅಷ್ಟು ಕಾರಣ ಇರಲಿಲ್ಲ. ಶೇಕಡಾ 12ರ ಲೆಕ್ಕದಲ್ಲಿ ಎರಡೂವರೆ ಲಕ್ಷ ದಾಟಬೇಕಾದರೆ ಪಿಎಫ್ ಕಡಿಯುವ ಸಂಬಳವೇ ತಿಂಗಳಿಗೆ 1,73,000 ದಾಟಬೇಕು. ಎಷ್ಟು ಜನಕ್ಕಿದೆ ಅದು?

ಗಿಂಡಿಯಲ್ಲಿ ನಿಂತು ನೋಡಿದರೆ ಇದು ಬೇಗ ಅರ್ಥವಾಗುತ್ತದೆ. ಒಂದು ಕಡೆ ಒಲಿಂಪಿಯಾ ಟೆಕ್ ಪಾರ್ಕಿನ ಗಾಜಿನ ಕಟ್ಟಡ. ಇನ್ನೊಂದು ಕಡೆ 1958ರಲ್ಲಿ ಶುರುವಾದ ಇಂಡಸ್ಟ್ರಿಯಲ್ ಎಸ್ಟೇಟು, ಲೇತ್ ಮಿಷನ್ನುಗಳ ಕಿರಗುಟ್ಟುವ ಸದ್ದು, ಆಯಿಲ್ ವಾಸನೆ. ಎರಡೂ ಕಡೆಯವರು ನಮ್ಮ ಗ್ರಾಹಕರೇ. ಹೊಸೂರು ಕಡೆಯ ಒಬ್ಬ ಟರ್ನರ್ ನಮ್ಮ ಶಾಖೆಗೆ ಬರುತ್ತಾನೆ, ಮನೆಮಾತು ಕನ್ನಡ. ಅವನ ಪಿಎಫ್ ಲೆಕ್ಕ 15,000 ರೂಪಾಯಿ ಸಂಬಳದ ಮೇಲೆ. ಅವನ ಕೈಯಿಂದ ತಿಂಗಳಿಗೆ 1,800. ಮಾಲೀಕ ಕೊಡುವ 1,800ರಲ್ಲಿ 1,250 ಪಿಂಚಣಿ ಯೋಜನೆಗೆ ಹೋಗಿ 550 ಅವನ ಪಿಎಫ್‌ಗೆ ಸೇರುತ್ತದೆ. ವರ್ಷಕ್ಕೆ ಅವನ ಪಾಲು 21,600. ಎರಡೂವರೆ ಲಕ್ಷ, ಏಳೂವರೆ ಲಕ್ಷ ಅಂದರೆ ಅವನಿಗೆ ಬೇರೆ ಯಾವುದೋ ದೇಶದ ಸುದ್ದಿ. ಅವನಿಗಿರುವ ಚಿಂತೆ ಒಂದೇ, ಬೇಕಾದಾಗ ದುಡ್ಡು ಸಿಗುತ್ತದೋ ಇಲ್ಲವೋ.

ಆ ಚಿಂತೆ ಸಣ್ಣದಲ್ಲ. 2016ರ ಏಪ್ರಿಲ್‌ನಲ್ಲಿ ಬೆಂಗಳೂರಿನಲ್ಲಿ ಗಾರ್ಮೆಂಟ್ಸ್ ಹೆಣ್ಣುಮಕ್ಕಳು ಬೀದಿಗಿಳಿದದ್ದು ನೆನಪಿದೆಯಲ್ಲ? ಕೆಲಸ ಬಿಟ್ಟರೂ ಮಾಲೀಕನ ಪಾಲನ್ನು 58 ವರ್ಷದ ತನಕ ತೆಗೆಯುವ ಹಾಗಿಲ್ಲ ಅಂತ ನಿಯಮ ತಂದಿದ್ದರು. ಹೊಸೂರು ರಸ್ತೆ, ತುಮಕೂರು ರಸ್ತೆ ಎಲ್ಲ ಬಂದ್. ಎರಡೇ ದಿನಕ್ಕೆ, ಏಪ್ರಿಲ್ 19ಕ್ಕೆ, ಸರ್ಕಾರ ಆ ನಿಯಮ ವಾಪಸ್ ತೆಗೆದುಕೊಂಡಿತು. ಅದಕ್ಕೆ ಒಂದು ತಿಂಗಳ ಮುಂಚೆ, ಪಿಎಫ್ ತೆಗೆಯುವಾಗ ಶೇಕಡಾ 60 ಭಾಗಕ್ಕೆ ತೆರಿಗೆ ಅನ್ನುವ ಬಜೆಟ್ ಪ್ರಸ್ತಾಪವನ್ನೂ ಕೈಬಿಟ್ಟಿದ್ದರು. ಅದಕ್ಕೆ ಕೂಗಾಡಿದವರಲ್ಲಿ ನಮ್ಮಂಥವರೇ ಹೆಚ್ಚು. ಬಿಸಿಲಿನಲ್ಲಿ ನಿಂತು ಲಾಠಿ ಏಟು ತಿಂದವರು ಆ ಹೆಣ್ಣುಮಕ್ಕಳು. ಇದನ್ನು ನಾನು ನನಗೇ ಆಗಾಗ ಹೇಳಿಕೊಳ್ಳುತ್ತೇನೆ.

ಮಾತು ಎಲ್ಲಿಗೋ ಹೋಯಿತು. ಗದಗದವನ ಕಥೆಗೆ ಬರುತ್ತೇನೆ. ಇಷ್ಟು ಹೊತ್ತು ಸುತ್ತಿ ಬಳಸಿ ಬಂದದ್ದು ಬಹುಶಃ ಅದನ್ನು ಹೇಳಲು ನಾಚಿಕೆಯಾಗಿ.

2023ರ ಏಪ್ರಿಲ್‌ನಿಂದ ಹೊಸ ತೆರಿಗೆ ಪದ್ಧತಿಯೇ ಮೂಲ ಪದ್ಧತಿ ಆಯಿತು. ಹಳೆಯದು ಬೇಕಾದವರು ಬೇಕು ಅಂತ ಹೇಳಬೇಕು. ಹೊಸದರಲ್ಲಿ ದರ ಕಡಿಮೆ, ಆದರೆ 80ಸಿ ಇಲ್ಲ. ಪಿಎಫ್‌ಗೆ ನೀವು ಹಾಕುವುದಕ್ಕೆ ರಿಯಾಯಿತಿ ಇಲ್ಲ, ಎಲ್ಲಿಐಸಿಗೆ ಇಲ್ಲ, ಶಾಲಾ ಫೀಗೆ ಇಲ್ಲ. ಉದ್ಯೋಗ ಕೊಟ್ಟವನು ಎನ್‌ಪಿಎಸ್‌ಗೆ ಹಾಕುವುದಕ್ಕೆ ಮಾತ್ರ ಇದೆ. ಅವನು ಬಂದು ಕೇಳಿದ, "ಯಾವ್ದ್ ತಗೊಳ್ಳಲಿ ಸರ್?"

"ಹಳೇದೇ ಇರಲಿ ಕಣಯ್ಯ. 80ಸಿ ಬಿಟ್ಟು ಯಾರಾದ್ರೂ ಬದುಕ್ತಾರಾ?" ಅಂದೆ. ಲೆಕ್ಕ ಹಾಕಲಿಲ್ಲ. ಪೆನ್ನು ಕೈಗೇ ತೆಗೆದುಕೊಳ್ಳಲಿಲ್ಲ.

2024ರಲ್ಲೂ ಅದೇ. ಆ ವರ್ಷ ಜುಲೈ 23ರ ಬಜೆಟ್ಟಿನಲ್ಲಿ ಹೊಸ ಪದ್ಧತಿಯವರಿಗೆ, ಯಾವ ಉದ್ಯೋಗದಾತನೇ ಆಗಲಿ, ಎನ್‌ಪಿಎಸ್ ಪಾಲಿನ ಮಿತಿಯನ್ನು 10ರಿಂದ 14 ಮಾಡಿದರು. ಅಂದರೆ ನಮ್ಮ ಎನ್‌ಪಿಎಸ್ ಹುಡುಗರ ಆ ಕಾಣದ ದುಡ್ಡಿನ ತೆರಿಗೆ ಕೊನೆಗೂ ಹೋಯಿತು. ಆದರೆ ಹೊಸ ಪದ್ಧತಿಯಲ್ಲಿ ಮಾತ್ರ, ಹಳೆಯದರಲ್ಲಿ ಅದೇ 10. ನಾನು ಆ ಸುದ್ದಿ ಓದಿದೆ. "ನೋಡಯ್ಯ, ನಿಮ್ಮದು ಸರಿ ಹೋಯ್ತು" ಅಂತ ಅವನಿಗೆ ಹೇಳಿಯೂ ಹೇಳಿದೆ. ಆದರೆ ಅವನನ್ನು ಹಳೆಯದರಲ್ಲಿ ಕಟ್ಟಿಹಾಕಿದವನು ನಾನೇ ಅನ್ನುವುದು ಹೊಳೆಯಲೇ ಇಲ್ಲ. 2025ರ ಜನವರಿಯಲ್ಲಿ ಅವನು ರಸೀದಿಗಳ ಕಟ್ಟು ತಂದಾಗ ನಾನು ಇನ್ನೊಂದು ಜಾಣತನ ತೋರಿಸಿದೆ. ಅವನದೇ ಎನ್‌ಪಿಎಸ್ ಪಾಲಿನಲ್ಲಿ 50,000ವನ್ನು 80ಸಿಸಿಡಿ(1ಬಿ)ಗೆ ಸರಿಸಿ, ಖಾಲಿಯಾದ ಜಾಗಕ್ಕೆ ಎಲ್ಲಿಐಸಿಯನ್ನೂ ಮಕ್ಕಳ ಶಾಲಾ ಫೀಯನ್ನೂ ತುಂಬಿಸಿ ಕೊಟ್ಟೆ. ಎಂಥಾ ತಲೆ ಸರ್ ನಿಮ್ಮದು ಅಂದ ಅವನು.

ಜೂನ್‌ನಲ್ಲಿ ಫಾರಂ 16 ಬಂತು. ಒಂದು ಸಂಜೆ ಶಾಖೆ ಮುಚ್ಚಿದ ಮೇಲೆ ಅವನು ನನ್ನ ಮೇಜಿನ ಮುಂದೆ ಬಂದು ಕೂತ. ಕೈಯಲ್ಲಿ ಒಂದು ಹಾಳೆ. ಎರಡು ಕಾಲಂ ಎಳೆದಿದ್ದ.

"ಸರ್, ಒಂಚೂರು ನೋಡ್ರಿ. ನಾ ಎಲ್ಲೋ ತಪ್ಪು ಮಾಡೇನಿ ಅನಸ್ತದ."

ಅವನು ತಪ್ಪು ಮಾಡಿರಲಿಲ್ಲ. ಲೆಕ್ಕ ಸುಲಭವಾಗಲಿ ಅಂತ ದುಂಡು ಸಂಖ್ಯೆಯಲ್ಲಿ ಹೇಳುತ್ತೇನೆ. ಎಲ್ಲ ಸೇರಿ ಸಂಬಳ 14 ಲಕ್ಷ, ಅದಕ್ಕೆ ಬ್ಯಾಂಕಿನ ಎನ್‌ಪಿಎಸ್ 1,68,000 ಸೇರಿ 15,68,000. ಹಳೆ ಪದ್ಧತಿಯಲ್ಲಿ ಕಳೆಯುವುದು: ಸ್ಟ್ಯಾಂಡರ್ಡ್ ಡಿಡಕ್ಷನ್ 50,000, 80ಸಿ 1,50,000, ಎನ್‌ಪಿಎಸ್ ಹೆಚ್ಚುವರಿ 50,000, ಆರೋಗ್ಯ ವಿಮೆ 25,000, ಬ್ಯಾಂಕಿನ ಪಾಲು 1,20,000. ಉಳಿದದ್ದು 11,73,000. ಸೆಸ್ ಸೇರಿ ತೆರಿಗೆ 1,70,976.

ಹೊಸ ಪದ್ಧತಿಯಲ್ಲಿ ಕಳೆಯುವುದು ಎರಡೇ: ಸ್ಟ್ಯಾಂಡರ್ಡ್ ಡಿಡಕ್ಷನ್ 75,000, ಬ್ಯಾಂಕಿನ ಪಾಲು ಪೂರ್ತಿ 1,68,000. ಉಳಿದದ್ದು 13,25,000. ಆದಾಯ ಜಾಸ್ತಿಯೇ ಉಳಿಯಿತು, ಆದರೆ ದರ ಕಡಿಮೆ. ತೆರಿಗೆ 1,09,200.

ವ್ಯತ್ಯಾಸ 61,776 ರೂಪಾಯಿ.

ಅವನಿಗೆ ಗೃಹಸಾಲ ಇದ್ದು ಎರಡು ಲಕ್ಷ ಬಡ್ಡಿ ಕಳೆಯುವ ಹಾಗಿದ್ದರೆ ಎರಡೂ ಹತ್ತಿರ ಹತ್ತಿರ ಬರುತ್ತಿತ್ತು. ನನಗೆ ಹಳೆಯದು ಲಾಭವಾಗಿದ್ದದ್ದು ನನ್ನ ಗೃಹಸಾಲದಿಂದ, 80ಸಿ ಒಂದರಿಂದಲ್ಲ. ಅವನಿಗೆ ಸಾಲ ಇರಲಿಲ್ಲ, ಬ್ಯಾಂಕಿನ ಕ್ವಾರ್ಟರ್ಸಿನಲ್ಲಿದ್ದ. ನನ್ನ ಅಂಗಿಯನ್ನು ಅವನ ಅಳತೆ ತೆಗೆಯದೆ ಅವನಿಗೆ ತೊಡಿಸಿದ್ದೆ.

ನಾನು ಆ ಹಾಳೆಯನ್ನು ಎರಡು ಸಲ, ಮೂರು ಸಲ ನೋಡಿದೆ. ಕ್ಯಾಲ್ಕುಲೇಟರ್ ತೆಗೆದು ಮತ್ತೆ ಒತ್ತಿದೆ. ಎಲ್ಲಾದರೂ ಅವನದೇ ತಪ್ಪು ಸಿಗಲಿ ಅಂತ ಹುಡುಕಿದೆ ಅಂತ ಒಪ್ಪಿಕೊಳ್ಳಬೇಕು. ಸಿಗಲಿಲ್ಲ. ಕೊನೆಗೆ, "ತಪ್ಪು ನನ್ನದಯ್ಯ" ಅಂದೆ. ಮೂವತ್ತು ವರ್ಷದ ಸರ್ವೀಸಿನಲ್ಲಿ ಕಿರಿಯರ ಮುಂದೆ ಈ ಮಾತು ನಾನು ಎಷ್ಟು ಸಲ ಆಡಿದ್ದೇನೆ ಅಂತ ಲೆಕ್ಕ ಹಾಕಿದರೆ ಒಂದು ಕೈಬೆರಳು ಸಾಕು.

ಅವನು, "ಇರ್ಲಿ ಬಿಡ್ರಿ ಸರ್, ಇನ್ನೂ ಟೈಮ್ ಐತಿ" ಅಂದ. ಅದೂ ನಿಜ. ವ್ಯಾಪಾರದ ಆದಾಯ ಇಲ್ಲದ ಸಂಬಳದವರು, ಆಫೀಸಿನಲ್ಲಿ ಏನೇ ಹೇಳಿದ್ದರೂ, ಗಡುವಿನೊಳಗೆ ರಿಟರ್ನ್ ಹಾಕುವಾಗ ಪದ್ಧತಿ ಬದಲಿಸಿಕೊಳ್ಳಬಹುದು. ಆ ವರ್ಷ ಗಡುವನ್ನು ಜುಲೈ 31ರಿಂದ ಸೆಪ್ಟೆಂಬರಿಗೆ ಮುಂದೂಡಿದ್ದರು. ಇಬ್ಬರೂ ಕೂತು ಆಗಸ್ಟಿನಲ್ಲಿ ರಿಟರ್ನ್ ಹಾಕಿದೆವು. ಕಡಿದಿದ್ದ ತೆರಿಗೆಯಲ್ಲಿ ಹೆಚ್ಚಿನದು ಅವನ ಖಾತೆಗೆ ವಾಪಸ್ ಬಂತು. ನನಗೆ ಅಂದು ರಾತ್ರಿ ಸರಿಯಾಗಿ ನಿದ್ದೆ ಬಂತು.

ಆದರೆ ಅದರ ಹಿಂದಿನ ವರ್ಷದ್ದು? 2023-24ರ ಲೆಕ್ಕವನ್ನು ನಾನೊಬ್ಬನೇ ಮನೆಯಲ್ಲಿ ಕೂತು ಹಾಕಿದೆ. ಅಲ್ಲೂ ಹೊಸದರಲ್ಲಿ ಸುಮಾರು 20,000 ಉಳಿಯುತ್ತಿತ್ತು. ಪರಿಷ್ಕೃತ ರಿಟರ್ನ್ ಹಾಕುವ ದಿನ 2025ರ ಜನವರಿ 15ಕ್ಕೇ ಮುಗಿದುಹೋಗಿತ್ತು. ಆ ದುಡ್ಡು ಹೋದದ್ದು ಹೋಯಿತು.

ಹೆಂಡತಿಗೆ ಹೇಳಿದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, "ರೀ, ಅವರಾಗಿ ಕೇಳಿಲ್ಲ ಅಂದ್ರೆ ನೀವಾಗಿ ಹೇಳ್ತೀರಾ?" ಅಂದಳು. ಅವಳು ಕೇಳಿದ ರೀತಿಗೆ ಒಂದೇ ಉತ್ತರ ಇತ್ತು.

ಮಾರನೇ ದಿನ ಅವನನ್ನು ಸ್ಟೇಷನ್ ಪಕ್ಕದ ಹೋಟೆಲಿಗೆ ಕರೆದುಕೊಂಡು ಹೋದೆ. ಕಾಫಿ ಬಂದ ಮೇಲೆ ಹೇಳಿದೆ. ಇಪ್ಪತ್ತು ಸಾವಿರ, ನನ್ನ ಮಾತು ಕೇಳಿದ್ದಕ್ಕೆ. ನಾನು ಕೊಡುತ್ತೇನೆ, ಬೇಡ ಅನ್ನಬೇಡ ಅಂದೆ. ಅವನು ತಲೆ ತಗ್ಗಿಸಿ ಲೋಟ ತಿರುಗಿಸುತ್ತಾ ಕೂತ. ಆಮೇಲೆ ಅವನು ಹೇಳಿದ ಮಾತು ನನ್ನನ್ನು ಇನ್ನೂ ಚುಚ್ಚುತ್ತದೆ.

"ಸರ್, ನನಗ ಅದು ಆವಾಗೇ ಗೊತ್ತಿತ್ರಿ. ಆ ವರ್ಷ ನಾ ಆನ್‌ಲೈನ್ ಲೆಕ್ಕ ಹಾಕಿ ನೋಡಿದ್ದೆ. ನೀವು ಹಿರಿಯರು, ಹೇಳೀರಿ, ನಾ ಹ್ಯಾಂಗ್ ಇಲ್ಲ ಅನ್ಲಿ ಅಂತ ಸುಮ್ಮನಿದ್ದೆ. ಈ ಸಲ ಅಮೌಂಟ್ ಭಾಳ ಆತ್ರಿ. ಅದಕ್ಕ ಬಂದೆ."

ನೋಡಿ, ತಪ್ಪು ಸಲಹೆ ಕೊಟ್ಟೆ ಅಂತ ನಾನು ಕೊರಗುತ್ತಿದ್ದೆ. ಆದರೆ ನನ್ನ ಗತ್ತಿನ ಎದುರು ಒಬ್ಬ ಮನುಷ್ಯ ಇಪ್ಪತ್ತು ಸಾವಿರ ಕಳೆದುಕೊಂಡು ಸುಮ್ಮನಿದ್ದ. ಪರ ಊರಲ್ಲಿ ಸಿಕ್ಕ ಒಬ್ಬ ಕನ್ನಡದ ಹಿರಿಯನನ್ನು ನೋಯಿಸಬಾರದು ಅಂತ. ಮೊದಲ ವರ್ಷ ಅವನು 20,000 ಲೆಕ್ಕ ಹಿಡಿದುಕೊಂಡು ನನ್ನ ಮುಂದೆ ಬಂದಿದ್ದರೆ ನಾನು ಏನನ್ನುತ್ತಿದ್ದೆ? "ಆನ್‌ಲೈನ್ ಕ್ಯಾಲ್ಕುಲೇಟರ್ ನಂಬಬೇಡ" ಅನ್ನುತ್ತಿದ್ದೆ. ಖಂಡಿತ ಅನ್ನುತ್ತಿದ್ದೆ.

ದುಡ್ಡನ್ನು ಅವನು ತೆಗೆದುಕೊಳ್ಳಲಿಲ್ಲ. ಎಷ್ಟು ಹೇಳಿದರೂ ಇಲ್ಲ. ಕೊನೆಗೆ ಅವನ ದೊಡ್ಡ ಮಗಳ ಹೆಸರಿನ ಪಿಪಿಎಫ್ ಖಾತೆಗೆ ಸ್ವಲ್ಪ ಸ್ವಲ್ಪ ಹಾಕುತ್ತೇನೆ ಅಂದೆ. "ಪಿಪಿಎಫ್‌ಗೂ ವರ್ಷಕ್ಕ ಒಂದೂವರೆ ಲಕ್ಷ ಲಿಮಿಟ್ ಐತ್ರಿ ಸರ್, ನೋಡ್ಕೊಂಡ್ ಹಾಕ್ರಿ" ಅಂತ ನಕ್ಕ. ಕಾಫಿ ದುಡ್ಡು ಅವನೇ ಕೊಟ್ಟ.

ನನ್ನ ಮಗನೂ ಇದೇ ಗಿಂಡಿಯಲ್ಲಿ ಸಾಫ್ಟ್‌ವೇರ್ ಕಂಪನಿಯಲ್ಲಿದ್ದಾನೆ. ಸೇರಿದ ದಿನದಿಂದ ಹೊಸ ಪದ್ಧತಿ. 80ಸಿ ಅಂದರೆ ಏನು ಅಂತ ಅವನಿಗೆ ಗೊತ್ತಿಲ್ಲ, ಗೊತ್ತಾಗುವ ಅಗತ್ಯವೂ ಇಲ್ಲ. 2025ರಲ್ಲಿ ಹೊಸ ಆದಾಯ ತೆರಿಗೆ ಕಾಯ್ದೆಯೇ ಪಾಸಾಗಿ, 2026ರ ಏಪ್ರಿಲ್ 1ರಿಂದ ಜಾರಿ ಅಂತ ಆಯಿತು. ಅದರಲ್ಲಿ 80ಸಿ ಅನ್ನುವ ಹೆಸರೇ ಇಲ್ಲ, ಅದು ಸೆಕ್ಷನ್ 123. ಇಪ್ಪತ್ತು ವರ್ಷ ಬಾಯಲ್ಲಿ ಹೊರಳಿದ ಹೆಸರು ಹೋಯಿತಲ್ಲ ಅಂತ ನನಗೆ ಯಾರೋ ಹಳೇ ಸಹೋದ್ಯೋಗಿ ನಿವೃತ್ತರಾದಷ್ಟು ಬೇಜಾರಾಯಿತು.

ಮಗನಿಗೆ ಒಂದೇ ಮಾತು ಹೇಳಿದೆ. ತೆರಿಗೆ ಉಳಿಯುತ್ತದೆ ಅಂತ ನಾನು ಉಳಿತಾಯ ಮಾಡಿದೆ. ನಿನಗೆ ಆ ನೆಪ ಇಲ್ಲ. ನೆಪ ಇಲ್ಲದೇ ಮಾಡುವುದು ಕಷ್ಟ, ಆದರೂ ಮಾಡು. ಮನೆಯೊಳಗೆ ಸೊಂಟದ ಮಟ್ಟ ನೀರು ನಿಂತಾಗ ಅದಕ್ಕೆ ನೀನು ಹಳೇ ಪದ್ಧತಿಯೋ ಹೊಸ ಪದ್ಧತಿಯೋ ಗೊತ್ತಾಗುವುದಿಲ್ಲ ಅಂದೆ. "ಆಯ್ತಪ್ಪ" ಅಂದ. ಮಾಡುತ್ತಾನೋ ಇಲ್ಲವೋ. ಅಪ್ಪ ನನಗೆ ಹೇಳಿದಾಗ ನಾನೂ "ಆಯ್ತಪ್ಪ" ಅಂತಲೇ ಅಂದಿದ್ದು.

ಈಗಲೂ ಫೆಬ್ರವರಿಯಲ್ಲಿ ಫೋನ್ ಬರುತ್ತದೆ. ಈಗ ನಾನು ಯಾವುದು ಒಳ್ಳೆಯದು ಅಂತ ಹೇಳುವುದಿಲ್ಲ. ಸಂಬಳ ಎಷ್ಟು, ಗೃಹಸಾಲ ಇದೆಯೋ, ಉದ್ಯೋಗ ಕೊಟ್ಟವರು ಎನ್‌ಪಿಎಸ್‌ಗೆ ಎಷ್ಟು ಹಾಕುತ್ತಾರೆ ಅಂತ ಕೇಳುತ್ತೇನೆ. ಒಂದು ಹಾಳೆ ತೆಗೆದು ಎರಡು ಕಾಲಂ ಎಳೆಯುತ್ತೇನೆ. ಬರೆದು ಮುಗಿಸಿ ಅವರ ಕಡೆಗೆ ಹಾಳೆ ತಿರುಗಿಸಿ, "ನೀವೂ ಒಂದು ಸಲ ಹಾಕಿ ನೋಡಿ. ನಂದು ತಪ್ಪಿದ್ರೆ ಹೇಳಿ" ಅನ್ನುತ್ತೇನೆ. ಕೆಲವರು "ಅಯ್ಯೋ, ನೀವು ಹೇಳಿದ ಮೇಲೆ ಮುಗೀತು ಸಾರ್" ಅಂತಾರೆ.

ಇಲ್ಲ, ಮುಗೀಲಿಲ್ಲ, ಹಾಕಿ ನೋಡಿ ಅಂತ ಕ್ಯಾಲ್ಕುಲೇಟರನ್ನು ಅವರ ಕಡೆ ತಳ್ಳುತ್ತೇನೆ. ನೀವೂ ನಿಮ್ಮ ಫಾರಂ 16 ಒಮ್ಮೆ ತೆಗೆದು ನೋಡಿ. ನಾನು ಹೇಳಿದೆ ಅಂತ ಮಾತ್ರ ನಂಬಬೇಡಿ.